ಕಾನೂನಿಗೆ ಕೊನೆಯ ದಿನ ಯಾಕೆ ಬೇಕು?

ಕಾನೂನುಗಳಿಗೆ ಗಡುವು ಇರಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಓದುಗರೊಬ್ಬರು ಖಾರವಾಗಿ ಪತ್ರ ಬರೆದಿದ್ದಾರೆ. ‘ಕಾನೂನೇನು ಔಷಧಿ ಬಾಟಲಿಯೇ, ಎಕ್ಸ್‌ಪೈರಿ ಡೇಟ್ ಹಾಕಲು? ಗಡುವು ಮುಗಿದರೆ ಮೊದಲು ರಕ್ಷಣೆ ಕಳೆದುಕೊಳ್ಳುವವರು ಬಡವರು. ವ್ಯಕ್ತಿಸ್ವಾತಂತ್ರ್ಯವೇ ಮುಖ್ಯ ಎನ್ನುವ ನಿಮ್ಮ ಉದಾರವಾದ ಉಳ್ಳವರ ವಾದ’ ಎಂಬುದು ಅವರ ಆಕ್ಷೇಪ.

ಒಂದು ಮಾತು ಒಪ್ಪುತ್ತೇನೆ. ಎಲ್ಲ ಕಾನೂನಿಗೂ ಗಡುವು ಬೇಡ. ಕೊಲೆ, ಕಳವು, ಆಸ್ತಿ, ಕರಾರು ಇವುಗಳ ಕಾನೂನು ಗಟ್ಟಿಯಾಗಿ ನಿಂತಿರಬೇಕು. ನಾಳೆಯೂ ಇದೇ ನಿಯಮ ಇರುತ್ತದೆ ಎಂದು ನಂಬಿಯೇ ಜನ ಮನೆ ಕಟ್ಟುತ್ತಾರೆ, ಅಂಗಡಿ ಇಡುತ್ತಾರೆ. ನಾನು ಹೇಳುತ್ತಿರುವುದು ‘ಈಗ ತುರ್ತು ಇದೆ, ಸ್ವಲ್ಪ ದಿನ ಜಾಸ್ತಿ ಅಧಿಕಾರ ಕೊಡಿ’ ಎಂದು ಸರ್ಕಾರ ಕೇಳಿ ಪಡೆಯುವ ಕಾನೂನುಗಳ ಬಗ್ಗೆ.

ನಮ್ಮ ಆದಾಯ ತೆರಿಗೆಯನ್ನೇ ನೋಡಿ. 1857ರ ದಂಗೆಯಿಂದ ಖಜಾನೆ ಬರಿದಾಗಿತ್ತು. ಅದನ್ನು ತುಂಬಿಸಲು 1860ರಲ್ಲಿ ಬ್ರಿಟಿಷ್ ಇಂಡಿಯಾದ ಹಣಕಾಸು ನೋಡಿಕೊಳ್ಳುತ್ತಿದ್ದ ಜೇಮ್ಸ್ ವಿಲ್ಸನ್ ಈ ತೆರಿಗೆ ತಂದರು, ಅದೂ ಐದು ವರ್ಷಕ್ಕೆ ಮಾತ್ರ. ಇವರು ಮುಕ್ತ ವ್ಯಾಪಾರಕ್ಕಾಗಿ ಹೋರಾಡಿದ ಅಪ್ಪಟ ಉದಾರವಾದಿ. 1865ರಲ್ಲಿ ತೆರಿಗೆ ನಿಂತಿತು. ಆಮೇಲೆ ಬೇರೆ ಬೇರೆ ಹೆಸರಲ್ಲಿ ಬಂದು ಹೋಗಿ, 1886ರ ಕಾಯ್ದೆಯೊಂದಿಗೆ ನೆಲೆಯೂರಿತು. ತೆರಿಗೆಯೇ ತಪ್ಪು ಎನ್ನುತ್ತಿಲ್ಲ. ಹೇಳಿದ ಕಾರಣ ಮುಗಿದ ಮೇಲೂ ಅಧಿಕಾರ ಉಳಿದುಬಿಡುತ್ತದೆ ಅಲ್ವಾ, ನನ್ನ ತಕರಾರು ಅದು.

ಜೈಲಿಗೆ ಹಾಕುವ ಕಾನೂನುಗಳಲ್ಲಿ ಇದು ಇನ್ನೂ ಗಂಭೀರ. ಭಯೋತ್ಪಾದನೆ ತಡೆಯಲು ತಂದ 1985ರ ಟಾಡಾ ಕಾಯ್ದೆಗೆ ಎರಡು ವರ್ಷದ ಗಡುವಿತ್ತು. ಸಂಸತ್ತು ಅದನ್ನು ಮತ್ತೆ ಮತ್ತೆ ಮುಂದುವರಿಸಿತು. ಗಡುವು ಸುಮ್ನೆ ಶಾಸ್ತ್ರಕ್ಕೆ ಎಂದು ನೀವು ಇದನ್ನೇ ತೋರಿಸಬಹುದು. ಆದರೆ 1995ರಲ್ಲಿ ಮತ್ತೆ ಆ ದಿನ ಹತ್ತಿರ ಬಂದಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷ ರಂಗನಾಥ ಮಿಶ್ರಾ ಇದನ್ನು ಮುಂದುವರಿಸಬೇಡಿ ಎಂದು ಸಂಸದರಿಗೆ ಪತ್ರ ಬರೆದರು. ಆ ಮೇ ತಿಂಗಳಲ್ಲಿ ಟಾಡಾ ಕೊನೆಯಾಯಿತು. ಕೊನೆಯ ದಿನ ಅಂತ ಒಂದು ಇದ್ದದ್ದರಿಂದಲೇ ಆ ಪತ್ರಕ್ಕೆ ತೂಕ ಬಂತು.

ಅದೇ ಉದ್ದೇಶದ 2002ರ ಪೋಟಾ ಕಾಯ್ದೆಗೂ ಮೂರು ವರ್ಷದ ಗಡುವಿತ್ತು. 2004ರಲ್ಲೇ ಅದು ರದ್ದಾಯಿತು. ಆದರೆ ಅದರ ಹಲವು ಅಂಶಗಳು 1967ರ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಒಳಗೆ ಸೇರಿಕೊಂಡವು. ಗಡುವು ಮಾತ್ರ ಸೇರಲಿಲ್ಲ. 2008ರಲ್ಲಿ ಜಾಮೀನು ಇನ್ನಷ್ಟು ಕಷ್ಟವಾಯಿತು. ವಿಚಾರಣೆಯೇ ಮುಗಿಯದೆ ಜನ ವರ್ಷಗಟ್ಟಲೆ ಒಳಗಿದ್ದಾರೆ. ಈ ಕಾಯ್ದೆ ಇನ್ನೂ ಬೇಕೇ ಎಂದು ಸಂಸತ್ತು ಉತ್ತರ ಕೊಡಲೇಬೇಕಾದ ದಿನ ಎಂಬುದೇ ಇಲ್ಲ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ. ಹೀಗೆ ಒಳಗಿರುವವರೆಲ್ಲ ಉಳ್ಳವರಲ್ಲ.

ಇನ್ನು ಬಡವರ ರಕ್ಷಣೆಯ ಮಾತು. ಲೋಕಸಭೆ, ವಿಧಾನಸಭೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲು ಸ್ಥಾನ ಇದೆಯಲ್ಲ, ಅದಕ್ಕೆ ಸಂವಿಧಾನದ 334ನೇ ವಿಧಿ ಮೊದಲು ಕೊಟ್ಟದ್ದು ಹತ್ತೇ ವರ್ಷ. ಪ್ರತಿ ಸಲ ಸಂಸತ್ತು ಅದನ್ನು ಹತ್ತು ವರ್ಷ ಮುಂದುವರಿಸಿದೆ. ಅನ್ಯಾಯ ಇನ್ನೂ ಇರುವುದರಿಂದ ಹಾಗೆ ಮಾಡಿದ್ದು ಸರಿಯೇ. ಗಡುವಿನಿಂದ ಆ ರಕ್ಷಣೆ ಬಿದ್ದುಹೋಗಲಿಲ್ಲ. 2019ರಲ್ಲಿ ಅದೇ ಸಂಸತ್ತು, ಇದೇ ವಿಧಿಯ ಗಡುವಿಗೆ ಒಳಪಟ್ಟಿದ್ದ, ಈ ಸಭೆಗಳಿಗೆ ಆಂಗ್ಲೋ ಇಂಡಿಯನ್ನರ ನಾಮನಿರ್ದೇಶನವನ್ನು ಮುಂದುವರಿಸಲಿಲ್ಲ. ಆ ತೀರ್ಮಾನ ಸರಿಯೋ ತಪ್ಪೋ ಚರ್ಚೆ ಮಾಡೋಣ. ಆದರೆ ತೀರ್ಮಾನ ಅಂತ ಒಂದು ಆಯಿತು, ಅದಕ್ಕೆ ಕಾರಣವನ್ನೂ ಹೇಳಬೇಕಾಯಿತು. 2030ರ ಜನವರಿಯೊಳಗೆ ಸಂಸತ್ತು ಮತ್ತೆ ಈ ವಿಧಿಯನ್ನು ಕೈಗೆತ್ತಿಕೊಳ್ಳಬೇಕು. ಯುಎಪಿಎಗೂ ಅಂಥದ್ದೊಂದು ತಾರೀಕು ಇರಲಿ ಎಂದಷ್ಟೇ ನಾನು ಕೇಳುತ್ತಿರುವುದು.