ಅನ್ನ ಬಿಟ್ಟರೂ ಸಕ್ಕರೆ ಇಳಿಯದಿರುವುದಕ್ಕೆ

ಅನ್ನ ಬಿಟ್ಟು ಜೋಳದ ರೊಟ್ಟಿಗೆ ಬಂದರೂ ತಿಂಡಿಯ ನಂತರದ ರಕ್ತದ ಸಕ್ಕರೆ 240ರ (mg/dL) ಕೆಳಗೆ ಬರುತ್ತಿಲ್ಲ ಎಂದಿದ್ದೀರಿ. ನನ್ನ ಅನುಮಾನ ನಿಮ್ಮ ಬೆಳಗಿನ ಒಗ್ಗರಣೆ ಮಂಡಕ್ಕಿಯ ಮೇಲೆ. ಮಂಡಕ್ಕಿಯೆಂದರೆ ಉಬ್ಬಿದ ಅಕ್ಕಿಯೇ. ಕೈಗೆ ಹಗುರ, ಆದರೆ ರಕ್ತದಲ್ಲಿ ಬಹುಬೇಗ ಸಕ್ಕರೆಯಾಗುತ್ತದೆ. ರಾಯಚೂರಿನವರಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟ. ನನಗೆ ಎರಡು ತಿಂಗಳು ಹಿಡಿಯಿತು.

ಮೊದಲು ನಾಲ್ಕು ದಿನ ಮಂಡಕ್ಕಿ, ಅದರ ಜೊತೆಗಿನ ಮಿರ್ಚಿ ಭಜಿ ಎರಡನ್ನೂ ನಿಲ್ಲಿಸಿ. ಬದಲಿಗೆ ಮೊಳಕೆ ಹೆಸರುಕಾಳಿನ ಉಸುಳಿ, ಒಂದು ರೊಟ್ಟಿ ಸಾಕು. ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸಿ ಅಳೆಯಿರಿ. 180ರೊಳಗೆ ಬಂದರೆ ಕಳ್ಳ ಸಿಕ್ಕಿದ ಹಾಗೆ.

ಬರದಿದ್ದರೆ ರೊಟ್ಟಿ ಎಣಿಸಬೇಕು. ಜೋಳದಲ್ಲಿ ನಾರು ಹೆಚ್ಚು, ನಿಜ. ಆದರೂ ಅದು ಪಿಷ್ಟವೇ. ಊಟಕ್ಕೆ ನಾಲ್ಕು ತಿನ್ನುತ್ತಿದ್ದರೆ ಎರಡಕ್ಕೆ ಇಳಿಸಿ, ಉಳಿದ ಹಸಿವನ್ನು ಪುಂಡಿಪಲ್ಯೆ, ಮೆಂತ್ಯ ಸೊಪ್ಪು, ಬೇಳೆಯಿಂದ ತುಂಬಿಸಿ. ಪಲ್ಯ ಮೊದಲು, ರೊಟ್ಟಿ ಆಮೇಲೆ. ಶೇಂಗಾ ಚಟ್ನಿ ಬಿಡಬೇಕಿಲ್ಲ, ಒಂದು ಚಮಚಕ್ಕೆ ನಿಲ್ಲಿಸಿ. ಚಹಾಕ್ಕೆ ಸಕ್ಕರೆಯ ಬದಲು ಬೆಲ್ಲ ಹಾಕಿಕೊಂಡು ಸಮಾಧಾನಪಡಬೇಡಿ, ವ್ಯತ್ಯಾಸ ಬಣ್ಣದಲ್ಲಷ್ಟೇ.

ಯಾವ ಮಾತ್ರೆ ಎಂದು ನೀವು ಬರೆದಿಲ್ಲ, ಹಾಗಾಗಿ ಒಂದು ಎಚ್ಚರಿಕೆ. ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಊಟ ಇಳಿಸುವ ಮೊದಲೇ ವೈದ್ಯರನ್ನು ಕೇಳಿ, ಊಟ ಕಡಿಮೆಯಾದರೆ ಇವುಗಳಿಂದ ಸಕ್ಕರೆ ತೀರಾ ಕುಸಿಯಬಹುದು. ನಡುಕ, ಬೆವರು ಬಂದು ಅಳತೆ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ಅಳೆಯಿರಿ. ಒಂದು ವಾರದ ಅಳತೆಗಳನ್ನು ತಿಂದದ್ದರ ಜೊತೆಗೇ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ.