ಪಿಂಗ್ ಹೋಗುತ್ತೆ, ಆದರೂ ಓಎಸ್‌ಪಿಎಫ್ ನೇಬರ್ ಕಾಣುತ್ತಿಲ್ಲ, ಯಾಕೆ?

ದಾವಣಗೆರೆ ಮತ್ತು ಚಿತ್ರದುರ್ಗದ ಆಫೀಸುಗಳ ಫೈರ್‌ವಾಲ್‌ಗಳ ನಡುವೆ ವಿಪಿಎನ್ ಟನಲ್ ಇದೆ, ಪಿಂಗೂ ಹೋಗುತ್ತಿದೆ, ಆದರೆ ಓಎಸ್‌ಪಿಎಫ್ (ನೆಟ್‌ವರ್ಕ್ ದಾರಿಗಳ ಮಾಹಿತಿಯನ್ನು ತಾನಾಗಿ ಹಂಚಿಕೊಳ್ಳುವ ಪ್ರೋಟೋಕಾಲ್) ನೇಬರ್, ಅಂದರೆ ಆ ಮಾಹಿತಿ ಹಂಚಿಕೊಳ್ಳಬೇಕಾದ ಎದುರಿನ ಫೈರ್‌ವಾಲ್, ಕಾಣುತ್ತಿಲ್ಲ ಅಂದಿದ್ದೀರಿ. ಹಾಗಿದ್ದರೆ ಮೊದಲು ಫೈರ್‌ವಾಲ್ ರೂಲ್ (ಯಾವ ಟ್ರಾಫಿಕ್ ಬಿಡಬೇಕು ಅನ್ನೋ ನಿಯಮ) ನೋಡಿ. ಓಎಸ್‌ಪಿಎಫ್ ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ. ಅದು ಐಪಿ ಪ್ರೋಟೋಕಾಲ್ 89. ಇದಕ್ಕೆ ಪೋರ್ಟೇ ಇಲ್ಲ, ಹಾಗಾಗಿ ಸುಮ್ನೆ ಪೋರ್ಟ್ ತೆರೆದರೆ ಏನೂ ಆಗಲ್ಲ. ನೇಬರ್ ಹುಡುಕುವ ಹಲೋ ಪ್ಯಾಕೆಟ್ 224.0.0.5 ಅನ್ನೋ ಮಲ್ಟಿಕಾಸ್ಟ್ (ಗುಂಪಿಗೆ ಕಳಿಸುವ) ವಿಳಾಸಕ್ಕೆ ಹೋಗುತ್ತೆ, ಅದನ್ನು ಎರಡೂ ಕಡೆ ಬಿಡಬೇಕು. ಏರಿಯಾ (ಓಎಸ್‌ಪಿಎಫ್ ನೆಟ್‌ವರ್ಕಿನ ಭಾಗದ ಸಂಖ್ಯೆ), ಪಾಸ್‌ವರ್ಡ್, ಟೈಮರ್ ಕೂಡ ಒಂದೇ ಇರಲಿ. ಒಂದು ಕಡೆ ಹಲೋ ಕಳಿಸುವ ಅಂತರ 10 ಸೆಕೆಂಡ್, ಇನ್ನೊಂದು ಕಡೆ 30 ಇದ್ದರೆ ನೇಬರ್ ಆಗೋದೇ ಇಲ್ಲ.

ನೇಬರ್ ಕಾಣಿಸಿ ಎಕ್ಸ್‌ಸ್ಟಾರ್ಟ್ (ಮಾಹಿತಿ ವಿನಿಮಯ ಶುರುವಾಗುವ) ಹಂತದಲ್ಲೇ ನಿಂತರೆ? ಜಾಸ್ತಿ ಸಲ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ವ್ಯತ್ಯಾಸವೇ ಕಾರಣ. ಟನಲ್‌ನ ಎರಡೂ ತುದಿಗೆ ಒಂದೇ ಎಂಟಿಯು ಕೊಡಿ, ಉದಾಹರಣೆಗೆ 1400 ಬೈಟ್.

ಸಿಬ್ಬಂದಿ ಕೂರುವ ಲ್ಯಾನ್ ಇಂಟರ್‌ಫೇಸನ್ನು ದಯವಿಟ್ಟು ಪ್ಯಾಸಿವ್ ಮಾಡಿ, ಅಂದರೆ ಅಲ್ಲಿ ಹಲೋ ಹೋಗದಂತೆ, ನೇಬರ್ ಆಗದಂತೆ ಇಡಿ. ಇಲ್ಲದಿದ್ದರೆ ಯಾರಾದರೂ ಅಲ್ಲಿಂದಲೇ ಸುಳ್ಳು ರೂಟ್ ತುಂಬಿಸಬಹುದು.