ಎಫ್‌ಸಿ ಇದೆ ಅಂದ ಮಾತ್ರಕ್ಕೆ ಕಾರು ಗಟ್ಟಿಯಾ?

ಪ್ರಶ್ನೆ: ಮೇಸ್ತ್ರಿಗಳೇ, ಮಗಳು ಈಗಷ್ಟೇ ಡ್ರೈವಿಂಗ್ ಕಲಿತಿದ್ದಾಳೆ. ಕೈ ಪಳಗಲಿ ಅಂತ ಹಳೇ ಮಾರುತಿ 800 ನೋಡುತ್ತಿದ್ದೇವೆ. 2009ರ ಗಾಡಿ, ನಮ್ಮೂರಲ್ಲೇ ಓಡಿದ್ದು. ಮಾರುವವರು 65 ಸಾವಿರ ಹೇಳುತ್ತಿದ್ದಾರೆ. "2029ರ ತನಕ ಎಫ್‌ಸಿ ಇದೆ, ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಅಂತಾರೆ. ತಗೊಳ್ಳಬಹುದಾ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಕಣ್ಣು ಮುಚ್ಚಿಕೊಂಡು ಮಾತ್ರ ಬೇಡ. ಜೊತೆಗೆ ಒಂದು ಟಾರ್ಚು, ಒಂದು ಸ್ಕ್ರೂಡ್ರೈವರು ಹಿಡಿದುಕೊಂಡು ಹೋಗಿ.

ನಾವು ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎಫ್‌ಸಿ ಅನ್ನುವುದು, ಸ್ವಂತ ಕಾರಿನ ಮಟ್ಟಿಗೆ, ಆರ್‌ಸಿ ಅಂದರೆ ನೋಂದಣಿ ಪತ್ರದ ನವೀಕರಣವನ್ನೇ. ಹೊಸ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಆರ್‌ಟಿಒ ಕಚೇರಿಯವರಿಗೆ ಗಾಡಿ ತೋರಿಸಿದರೆ ಐದೈದು ವರ್ಷ ಮುಂದಕ್ಕೆ ಹಾಕುತ್ತಾರೆ. ಈ ಗಾಡಿಯನ್ನು ಬ್ರೇಕ್ ಇನ್‌ಸ್ಪೆಕ್ಟರ್ ನೋಡಿದ್ದು 2024ರ ಆಸುಪಾಸು. ಚಾಸಿ ನಂಬರು ಆರ್‌ಸಿಗೆ ಹೊಂದುತ್ತದಾ, ಹೆಡ್‌ಲೈಟು, ಇಂಡಿಕೇಟರು, ಹಾರನ್ನು, ವೈಪರು, ಟೈರು, ಬ್ರೇಕು ಸರಿ ಇದೆಯಾ ಅಂತ ನೋಡಿರುತ್ತಾರೆ. ಅವತ್ತು ಸರಿ ಇತ್ತು, ಪಾಸಾಯಿತು. ಅಲ್ಲಿಂದೀಚೆಗೆ ಕುಂದಾಪುರದಲ್ಲಿ ಮಳೆಗಾಲ ಎಷ್ಟು ಹೋದವು, ನೀವೇ ಲೆಕ್ಕ ಹಾಕಿ.

ನನ್ನದೇ ಕಥೆ ಹೇಳುತ್ತೇನೆ, ನಗಬೇಡಿ. ನನ್ನ ಹತ್ತಿರ 1998ರ ಕಾರ್ಬುರೇಟರ್ 800 ಇತ್ತು. 2013ರಲ್ಲಿ ನವೀಕರಣಕ್ಕೆ ತಗೊಂಡು ಹೋದೆ. ಮೇಸ್ತ್ರಿಯ ಕಾರು ಅಲ್ವಾ, ತೊಳೆದು ಪಾಲಿಶ್ ಹೊಡೆದು ಒಯ್ದಿದ್ದೆ. ವಾಪಸ್ ಕಳಿಸಿದರು. ಹಿಂದಿನ ನಂಬರ್ ಪ್ಲೇಟಿನ ಮೇಲಿರುವ ಪುಟ್ಟ ಬಲ್ಬು ಉರಿಯುತ್ತಿರಲಿಲ್ಲ! ಮರುವಾರ ಬಲ್ಬು ಹಾಕಿ ಹೋದೆ, ಪಾಸು. ಮೂರು ತಿಂಗಳು ಕಳೆದಿರಬೇಕು, ಆಗುಂಬೆ ರಸ್ತೆಯಲ್ಲಿ ಒಂದು ಗುಂಡಿಗೆ ಇಳಿಸಿದಾಗ ಹೆಂಡತಿ "ಕಾಲಿಗೆ ಗಾಳಿ ಬರ್ತಿದೆ" ಅಂದಳು. ಮ್ಯಾಟ್ ಎತ್ತಿದರೆ ಕೆಳಗೆ ರಸ್ತೆ ಕಾಣುತ್ತಿತ್ತು. ಪಾಸು ಮಾಡಿದವರನ್ನು ದೂರುವ ಹಾಗಿಲ್ಲ. ದಿನಾ ಅದೇ ಕಾರಲ್ಲಿ ಕೂತು ಒಂದು ಸಲವೂ ಮ್ಯಾಟ್ ಎತ್ತದವನು ನಾನು.

ಹಾಗಾಗಿ ನೀವು ಮೊದಲು ನೋಡಬೇಕಾದ್ದು ಎಂಜಿನ್ನನ್ನಲ್ಲ, ನೆಲವನ್ನು. ಮುಂದಿನ ಗಾಜಿನ ರಬ್ಬರು ಹಳತಾದರೆ ನೀರು ಸಣ್ಣಗೆ ಒಳಗೆ ಇಳಿಯುತ್ತದೆ. ಮ್ಯಾಟ್ ಅಡಿಯ ದಪ್ಪ ಪದರ ಅದನ್ನು ಕುಡಿದು ಜೂನ್‌ನಿಂದ ಅಕ್ಟೋಬರ್ ತನಕ ಒದ್ದೆ ಇರುತ್ತದೆ. ಸಾಲದ್ದಕ್ಕೆ ನಿಮ್ಮಲ್ಲಿ ಕಡಲ ಉಪ್ಪುಗಾಳಿ. ಮೇಲೆ ಬಣ್ಣ ಫಳಫಳ ಅನ್ನುತ್ತಿದ್ದರೂ ಅಡಿಯಲ್ಲಿ ತಗಡು ತಿಂದುಹೋಗಿರುತ್ತದೆ. ಎರಡೂ ಮುಂದಿನ ಸೀಟಿನ ಎದುರು ಮ್ಯಾಟ್ ಎತ್ತಿ ಹೆಬ್ಬೆರಳಿನಿಂದ ಒತ್ತಿ. ಸ್ಕ್ರೂಡ್ರೈವರ್ ಹಿಡಿಯಿಂದ ಬಾಗಿಲ ಕೆಳಗಿನ ಪಟ್ಟಿಯುದ್ದಕ್ಕೂ ತಟ್ಟುತ್ತಾ ಹೋಗಿ, ಗಟ್ಟಿ ತಗಡಿನ ಸದ್ದೇ ಬೇರೆ. ಫ್ರಿಜ್ಜಿನ ಬಾಗಿಲ ಮೇಲಿನ ಆಯಸ್ಕಾಂತ ಒಂದು ಜೇಬಲ್ಲಿರಲಿ. ಅದು ಹಿಡಿಯದ ಕಡೆ ಒಳಗೆ ಪುಟ್ಟಿ ತುಂಬಿದೆ ಅಂತಲೇ. ಕೊನೆಗೆ, ಮಾಲೀಕರ ಒಪ್ಪಿಗೆ ಕೇಳಿ, ಜ್ಯಾಕ್ ಕೊಡುವ ಜಾಗಕ್ಕೆ ಜ್ಯಾಕ್ ಕೊಟ್ಟು ಎತ್ತಿಸಿ. ಹಪ್ಪಳ ಮುರಿದ ಹಾಗೆ ಸದ್ದು ಬಂದರೆ ನಮಸ್ಕಾರ ಹೇಳಿ ಬನ್ನಿ. ಅಡಿಗೆ ಹೊಸದಾಗಿ ಕಪ್ಪು ಬಳಿದಿದ್ದರೂ ನನಗೆ ಅನುಮಾನವೇ.

ಎಂಜಿನ್ ಬಗ್ಗೆ ನನಗೆ ಅಷ್ಟು ಭಯವಿಲ್ಲ. 796 ಸಿಸಿ, ಮೂರು ಸಿಲಿಂಡರು, ಸರಳ ಯಂತ್ರ. ಅದಕ್ಕೆ ಆಗದ್ದು ಬಿಸಿ. ರೇಡಿಯೇಟರ್ ಕಟ್ಟಿಕೊಂಡೋ ಫ್ಯಾನ್ ಸ್ವಿಚ್ ಕೆಟ್ಟೋ ಒಂದು ಸಲ ಜಾಸ್ತಿ ಕಾದರೆ ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ, ಅದರಡಿಯ ಗ್ಯಾಸ್ಕೆಟ್ ಹೋಗುತ್ತದೆ. ಸ್ಟಾರ್ಟ್ ಮಾಡಿ ಸುಮ್ನೆ ಇಪ್ಪತ್ತು ನಿಮಿಷ ನಿಲ್ಲಿಸಿ. ಫ್ಯಾನ್ ತಾನಾಗಿ ತಿರುಗಿ, ತಾನಾಗಿ ನಿಲ್ಲಬೇಕು. ಆಫ್ ಮಾಡಿ ಸ್ವಲ್ಪ ಆರಿದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಬದಿ ನೋಡಿ. ಹಾಲು ಜಾಸ್ತಿಯಾದ ಕಾಫಿಯ ಬಣ್ಣದ ಕೆನೆ ಕಟ್ಟಿದ್ದರೆ ಆಯಿಲಿಗೆ ನೀರು ಸೇರುತ್ತಿರಬಹುದು. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಕೇಳಿ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಓಡಿಸುವಾಗ ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ ಸುತ್ತು ಹೊಡೆಯಿರಿ, ಆಮೇಲೆ ಇನ್ನೊಂದು ಕಡೆಗೆ. ಕಟಕಟ ಅಂದರೆ ಆ್ಯಕ್ಸಲ್ ಜಾಯಿಂಟ್ ಸವೆದಿದೆ. ಇಳಿಜಾರಿನಲ್ಲಿ ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಿಡಿಯುತ್ತದಾ ನೋಡಿ. ಹಿಂದಿನ ಚಕ್ರದ ಒಳಬದಿಯಲ್ಲಿ ಒದ್ದೆ ಇದ್ದರೆ ಬ್ರೇಕ್ ಆಯಿಲ್ ಸೋರುತ್ತಿದೆ. ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು, ಅದು ನಿಯಮ. ಆದರೆ ಇಂಥ ಕಾರುಗಳಲ್ಲಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2316 ಅಂದರೆ 2016ರ 23ನೇ ವಾರದ ಟೈರು.

ನೆಲ ಗಟ್ಟಿ ಇದ್ದರೆ ಚೌಕಾಸಿ ಮಾಡಿ ತಗೊಳ್ಳಿ. 2014ರ ಜನವರಿಯಲ್ಲೇ ಈ ಕಾರಿನ ತಯಾರಿಕೆ ನಿಂತರೂ ಬಿಡಿಭಾಗಕ್ಕೆ ಬರವಿಲ್ಲ. ಆದರೆ ಒಂದು ಮಾತು. ಇದರಲ್ಲಿ ಏರ್‌ಬ್ಯಾಗೂ ಇಲ್ಲ, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ಸೂ ಇಲ್ಲ. ಮಗಳು ಊರೊಳಗೆ ಕೈ ಪಳಗಿಸಲಿ. ಹೆದ್ದಾರಿ 66ರಲ್ಲಿ ಲಾರಿಗಳ ನಡುವೆ ಮಂಗಳೂರಿಗೆ ಕಳಿಸಬೇಡಿ. ಕೊಂಡರೆ ಗಾಡಿ ನಿಮ್ಮ ಹೆಸರಿಗೆ ಮಾಡುವ ಫಾರಂ 29, 30 ಎರಡಕ್ಕೂ ಸಹಿ ಹಾಕಿಸಿಕೊಳ್ಳಿ. 14 ದಿನದೊಳಗೆ ಇನ್ಶೂರೆನ್ಸೂ ನಿಮ್ಮ ಹೆಸರಿಗೆ ಬರಲಿ.

ಪ್ರಶ್ನೆ: ನನ್ನದು 2008ರ 800. ಎಮಿಷನ್ ಟೆಸ್ಟ್‌ನಲ್ಲಿ ಸಿಒ 1.4 ಬಂದು ಫೇಲ್ ಆಯಿತು. ಟ್ಯೂನಿಂಗ್ ಮಾಡಿಸಿ ಅಂತಾರೆ. ಕಾರ್ಬುರೇಟರೇ ಇಲ್ಲದ ಗಾಡಿಗೆ ಎಂಥ ಟ್ಯೂನಿಂಗ್?
— ಓದುಗರು, ಶಿರಸಿ

ಉತ್ತರ: ಸರಿಯಾಗಿ ಕೇಳಿದಿರಿ. ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬುರೇಟರಿನ ಬದಲು ನಿಮ್ಮದರಲ್ಲಿ ಕಂಪ್ಯೂಟರಿನ ಲೆಕ್ಕ, ತಿರುಗಿಸಲು ಅಲ್ಲಿ ಸ್ಕ್ರೂವೇ ಇಲ್ಲ. ಬಿಎಸ್ 2, ಬಿಎಸ್ 3 ಹೊಗೆ ನಿಯಮದ, ನಿಮ್ಮದರಂಥ ಪೆಟ್ರೋಲ್ ಕಾರಿಗೆ ಸಿಒ (ಕಾರ್ಬನ್ ಮಾನಾಕ್ಸೈಡ್) 0.5 ಶೇಕಡಾ ಮೀರಬಾರದು, ಎಚ್‌ಸಿ (ಸುಡದೆ ಉಳಿದ ಇಂಧನ) 750 ಪಿಪಿಎಂ ಒಳಗಿರಬೇಕು. ಅದಕ್ಕೂ ಹಳೇ ಕಾರುಗಳಿಗೆ ಸಿಒ 3ರ ತನಕ ಬಿಟ್ಟಿದ್ದಾರೆ. ನಿಮ್ಮ 1.4ರಲ್ಲಿ ನನ್ನ ಆ ತೂತು ಬಿದ್ದ ಕಾರು ಆರಾಮಾಗಿ ಪಾಸಾಗುತ್ತಿತ್ತು!

ಬೆಳಿಗ್ಗೆ ಮನೆಯಿಂದ ಹೊರಟು ಸೀದಾ ಟೆಸ್ಟ್‌ಗೆ ಹೋಗಿದ್ದಿರಾ? ತಣ್ಣಗಿದ್ದಾಗ ಎಂಜಿನ್ ಪೆಟ್ರೋಲ್ ಜಾಸ್ತಿ ಎಳೆಯುತ್ತದೆ. ಹೊಗೆ ಶುದ್ಧ ಮಾಡುವ ಕನ್ವರ್ಟರ್ ಕೂಡ ಕಾಯದೆ ಕೆಲಸ ಮಾಡುವುದಿಲ್ಲ. ಹತ್ತು ಕಿಲೋಮೀಟರ್ ಓಡಿಸಿ, ಎಂಜಿನ್ ಆಫ್ ಮಾಡದೆ ಹೋಗಿ. ಆಗಲೂ ಫೇಲಾದರೆ ಏರ್ ಫಿಲ್ಟರ್, ಪ್ಲಗ್ಗು ಬದಲಿಸಿ, ಅವು ಅಗ್ಗ. ಅದಕ್ಕೂ ಬಗ್ಗದಿದ್ದರೆ ಆಕ್ಸಿಜನ್ ಸೆನ್ಸರ್ ಪರೀಕ್ಷೆ ಮಾಡಿಸಿ. ಅದು ಮಂಕಾದರೆ ಕಂಪ್ಯೂಟರ್ ಅಂದಾಜಿನಲ್ಲಿ ಪೆಟ್ರೋಲ್ ಸುರಿಯುತ್ತದೆ. ಮೈಲೇಜೂ ಇಳಿದು ಸೈಲೆನ್ಸರ್ ಬಾಯಲ್ಲಿ ಕಪ್ಪು ಮಸಿ ಕಟ್ಟಿದೆಯಾ? ಹಾಗಾದರೆ ಬಹುಪಾಲು ಅದೇ.

ಪ್ರಶ್ನೆ: 15 ವರ್ಷ ಆದ ಕಾರನ್ನು ಗುಜರಿಗೆ ಹಾಕಲೇಬೇಕಂತೆ, ನಿಜವೇ?
— ಓದುಗರು, ಧಾರವಾಡ

ಉತ್ತರ: ಅದು ದೆಹಲಿ ಸುತ್ತಮುತ್ತಲಿನ ಕಥೆ, ವಾಟ್ಸ್ಯಾಪಿನಲ್ಲಿ ಧಾರವಾಡಕ್ಕೆ ಬಂದಿದೆ. ನಮ್ಮಲ್ಲಿ ನವೀಕರಿಸಿಕೊಂಡು ಓಡಿಸಬಹುದು. ಆದರೆ 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ತಡವಾದರೆ ತಿಂಗಳಿಗೆ 500 ಬೇರೆ. ಅವಧಿ ಮುಗಿಯುವ 60 ದಿನ ಮೊದಲಿನಿಂದಲೇ ಅರ್ಜಿ ಹಾಕಬಹುದು. ಹೋಗುವ ಮುನ್ನ ಹಿಂದಿನ ನಂಬರ್ ಪ್ಲೇಟಿನ ಬಲ್ಬು ಒಂದ್ಸಲ ನೋಡಿಕೊಳ್ಳಿ.